ಶಾರದಾಬಾಯಿಯ ಡಿಸ್ಕು

“ಅರ್ಧಾ ತಾಸಿನ ಕೆಲಸ” ಎಂದು ಸುಮೇಧ ಅಂದದ್ದೇ ತಪ್ಪಾಯಿತು.

ಅನ್ನುವಾಗ ಅವನ ಬಾಯಲ್ಲಿ ಹುರಿದ ಶೇಂಗಾ ಇತ್ತು, ಮುಂದೆ ಚಹಾ ಇತ್ತು, ಸುತ್ತ ವಳಸಂಗದ ಬುದ್ಧವಿಹಾರ ಸಮಿತಿಯ ಹಿರಿಯರಿದ್ದರು. ವಿಹಾರದ ಪಕ್ಕದ ಖೋಲಿಯಲ್ಲಿ ಪರೀಕ್ಷೆಗೆ ಓದುವವರಿಗಾಗಿ ಅಭ್ಯಾಸಿಕೆ ಎಂಬ ಓದುಕೋಣೆ ಶುರು ಮಾಡಬೇಕು, ಅಲ್ಲೊಂದು ಕಂಪ್ಯೂಟರ್ ಇರಬೇಕು ಎಂದು ಮಾತು ನಡೆದಿತ್ತು. ಊರಿನ ಕನ್ನಡ ಸಾಲೆಯಲ್ಲಿ ಸುಮೇಧನೂ ಸೇರಿ ಎರಡು ತಲೆಮಾರಿಗೆ ಪಾಠ ಹೇಳಿ, ನಿವೃತ್ತಿಯಾಗಿ ಅಕ್ಕಲಕೋಟದಲ್ಲಿ ತೀರಿಕೊಂಡ ಶಾರದಾಬಾಯಿಯವರ ಕಂಪ್ಯೂಟರನ್ನು ಅವರ ಸೊಸೆ ಹಾಗೇ ಕೊಡುತ್ತೇನೆಂದಿದ್ದಳು. ತೊಂದರೆ ಒಂದೇ. ಅದರ ಪಾಸ್‌ವರ್ಡು ಯಾರಿಗೂ ಗೊತ್ತಿರಲಿಲ್ಲ. ಸಾಲೆಯ ಮಕ್ಕಳೆಲ್ಲ ‘ಬಾಯಿ’ ಎಂದೇ ಕರೆಯುತ್ತಿದ್ದ ಆ ಶಿಕ್ಷಕಿ ಅದನ್ನು ತಮ್ಮ ಜೊತೆಗೇ ಒಯ್ದಿದ್ದರು.

“ಪಾಸ್‌ವರ್ಡ್ ಯಾಕ ಬೇಕ್ರಿ?” ಎಂದ ಸುಮೇಧ. “ಎಲ್ಲಾ ಅಳಿಸಿ ಲಿನಕ್ಸ್ ಹಾಕೂದು. ಫುಕಟ ಸಿಗತೈತಿ, ಜಗತ್ತಿನ ಮಂದಿ ಕೂಡಿ ಮಾಡಿದ್ದು. ಯಾರ ಅಪ್ಪಣಿನೂ ಬ್ಯಾಡ. ಅರ್ಧಾ ತಾಸಿನ ಕೆಲಸ.”

ಸುಮೇಧ ಸೋಲಾಪುರದ ಒಂದು ಟವೆಲ್ ಕಾರಖಾನೆಯ ಆಫೀಸಿನಲ್ಲಿ ಕಂಪ್ಯೂಟರಿನ ಮೇಲೆ ಬಿಲ್ಲು ಬಡಿಯುವವನು. ಆದರೆ ದಿನಾ ಬಸ್ಸು ಹತ್ತಿ ಹೋಗಿ ಕೀಬೋರ್ಡು ಮುಟ್ಟಿ ಬರುವವನು ವಳಸಂಗದ ಮಟ್ಟಿಗೆ ಇಂಜಿನಿಯರನೇ. ಸಮಿತಿಯ ಅಧ್ಯಕ್ಷ ಕಾಶಪ್ಪ, ಎಸ್‌ಟಿ ಬಸ್ಸಿನಲ್ಲಿ ಕಂಡಕ್ಟರಾಗಿ ನಿವೃತ್ತಿಯಾದವರು, ಕೂತಲ್ಲೇ ಸೀಟಿ ಊದಿದವರ ಹಾಗೆ ನಿರ್ಣಯ ಹೊರಡಿಸಿದರು.

“ಹಂಗಾದ್ರ ಐತವಾರ ಸಂಜೀಗಿ ಉದ್ಘಾಟನ. ಸುಮೇಧಗ ಶಾಲು ಹೊದಿಸಿ ಸತ್ಕಾರ. ರೈಟ್, ಚಲಾ!”

ಶಾಲಿನ ಆಸೆ ಸುಮೇಧನಿಗೆ ಇರಲಿಲ್ಲವೆಂದಲ್ಲ. ಆದರೆ ಅದಕ್ಕಿಂತ ದೊಡ್ಡ ಆಸೆ ಬೇರೆ ಇತ್ತು. ಅವನ ಹೆಂಡತಿ ಸಾರಿಕಾ ತಲಾಠಿ, ಅಂದರೆ ಗ್ರಾಮಲೆಕ್ಕಿಗರ ಪರೀಕ್ಷೆಗೆ ಓದುತ್ತಿದ್ದಳು. ಅಂಗೈಯಗಲದ ಮೊಬೈಲಿನಲ್ಲಿ ಪ್ರಶ್ನೆ ಬಿಡಿಸಿ ಬಿಡಿಸಿ ಅವಳ ಕಣ್ಣು ಕೆಂಪಾಗಿದ್ದವು. ಮದುವೆಯಾದಾಗಿನಿಂದ ಅವಳು ತನ್ನ ಗಂಡ ಯಾವ ಕೆಲಸವನ್ನೂ ಪೂರ್ತಿ ಮುಗಿಸಿದ್ದನ್ನು ಕಂಡಿರಲಿಲ್ಲ. ಮನೆಯ ಗೋಡೆಗೆ ಬಣ್ಣ ಕಿಟಕಿಯವರೆಗೆ ಬಂದು ನಿಂತಿತ್ತು. ನಳಕ್ಕೆ ಮೂತಿ ಬಂದಿತ್ತು, ಮೂತಿಗೆ ತಿರುಪು ಬಂದಿರಲಿಲ್ಲ. ಈ ಒಂದನ್ನಾದರೂ ಮುಗಿಸಿ ಅವಳ ಮುಂದೆ ಇಡಬೇಕೆಂದು ಅವನು ಮನಸ್ಸಿನಲ್ಲೇ ಪಣ ತೊಟ್ಟಿದ್ದ.

ಭಾನುವಾರ ಬೆಳಿಗ್ಗೆ ಸುಮೇಧ, ಅಲ್ಲಿಯ ಸ್ವಾಮಿಗಳ ದರ್ಶನಕ್ಕೆ ಹೊರಟ ಭಕ್ತರು ತುಂಬಿದ ಬಸ್ಸಿನಲ್ಲಿ ಒಂದೇ ಕಾಲ ಮೇಲೆ ನಿಂತು ಅಕ್ಕಲಕೋಟಕ್ಕೆ ಹೋದ.

ಬಾಯಿಯ ಸೊಸೆ ಪ್ರಾಜಕ್ತಾ ಬಾಗಿಲಲ್ಲೇ ಕಾಯುತ್ತಿದ್ದಳು. ನೀರು ಕೊಡುವ ಮೊದಲೇ ಕೇಳಿದಳು:

“ಇವತ್ತ ಒಯ್ತೀರಲ್ರಿ? ನಾಳಿ ಅನ್ನಂಗಿಲ್ಲಲ್ಲ?”

“ಇವತ್ತ ಒಯ್ತೀನಿ. ಯಾಕ್ರಿ?”

ಅವಳು ದನಿ ತಗ್ಗಿಸಿದಳು. “ಕರೆಂಟ್ ಹೋಗಿ ಬಂದ್ರ ಅದು ತಾನ ಚಾಲೂ ಆಗತೈತ್ರಿ. ಯಾರೂ ಗುಂಡಿ ಒತ್ತೂದ ಬ್ಯಾಡ. ಆಮ್ಯಾಲ ಒಳಗ ಟಕ್ ಟಕ್ ಅಂತೈತಿ. ಕರಿ ಹಲಗಿ ಮ್ಯಾಲ ಸುಣ್ಣದ ಖಡು ಓಡಿಸಿದಂಗ. ಮಧ್ಯಾಹ್ನ ನಾ ಒಬ್ಬಾಕಿನ ಇರ್ತೀನಿ, ಆ ಸಪ್ಪಳ ಕೇಳಿ ಕೇಳಿ ನನಗ ಮಗ್ಗಿ ಬಾಯಿಪಾಠ ಬರಾಕತ್ತೈತಿ, ಆಣಿ ಮಾಡಿ ಹೇಳ್ತೀನಿ.”

“ಅದು ಸೆಟಿಂಗ್ ಇರತೈತ್ರಿ. ಕರೆಂಟ್ ಬಂದ್ರ ಚಾಲೂ ಆಗು ಅಂತ. ಡಿಸ್ಕ್ ಹಳೇದಾದ್ರ ಸಪ್ಪಳ ಮಾಡತೈತಿ,” ಎಂದು ಸುಮೇಧ ನಕ್ಕ. ನಗು ಕೋಣೆಯ ಬಾಗಿಲು ತೆರೆಯುವವರೆಗೆ ಮಾತ್ರ ಉಳಿಯಿತು.

ಒಳಗೆ ಕಿಟಕಿ ಮುಚ್ಚಿತ್ತು. ಗೋಡೆಗೆ ಕರಿ ಹಲಗೆ. ಮೂಲೆಯಲ್ಲಿ ಕಂಪ್ಯೂಟರು. ಹಲಗೆಯತ್ತ ಮುಖ ಮಾಡಿ ಖಾಲಿ ಕುರ್ಚಿಗಳು ಸಾಲಾಗಿ ಇದ್ದವು. ಒಂದರ ಮೇಲೂ ಧೂಳಿರಲಿಲ್ಲ.

“ಕುರ್ಚಿ ನೀವ ಒರಸ್ತೀರೇನ್ರಿ?” ಎಂದು ಕೇಳಬೇಕೆಂದುಕೊಂಡವನು, ಇಲ್ಲ ಎಂಬ ಉತ್ತರ ಬಂದರೆ ಏನು ಮಾಡುವುದೆಂದು ಸುಮ್ಮನಾದ.

ಪ್ರಾಜಕ್ತಾ ಪರದೆ, ಕೀಬೋರ್ಡನ್ನು ಚೀಲಕ್ಕೆ ತುಂಬಿ, ಕಂಪ್ಯೂಟರಿನ ಡಬ್ಬಿಗೆ ಧೂಳು ಹತ್ತಬಾರದೆಂದು ಬಾಯಿಯವರ ಬಿಳಿ ನೂಲಿನ ಸೀರೆಯನ್ನೇ ಅದಕ್ಕೆ ಸುತ್ತಿಕೊಟ್ಟಳು. ಮರಳಿ ಬರುವ ಬಸ್ಸು ಹೆಚ್ಚುಕಡಿಮೆ ಖಾಲಿ ಇತ್ತು. ಸುಮೇಧ ಗಂಟನ್ನು ಕಿಟಕಿಯ ಬದಿ ಕೂರಿಸಿ ಬೀಳದಂತೆ ಹೆಗಲ ಮೇಲೆ ಕೈ ಹಾಕಿ ಹಿಡಿದ. ಹೆಗಲು ಎಂದು ತನಗೇ ಯಾಕೆ ಅನ್ನಿಸಿತೋ ತಿಳಿಯಲಿಲ್ಲ. ಹಿಂದಿನ ಸೀಟಿನ ಮುದುಕ ಬಗ್ಗಿ, “ಆಯಿಗಿ ಆರಾಮಿಲ್ಲೇನಪಾ? ಗಾಳಿಗಿ ಕುಂದ್ರಸಬ್ಯಾಡ,” ಎಂದ. ರಸ್ತೆಯ ಕುಣಿಗೆ ಬಸ್ಸು ಎಗರಿದಾಗ ಗಂಟು ಹೌದು ಎನ್ನುವಂತೆ ತಲೆಯಾಡಿಸಿ ಸುಮೇಧನ ಭುಜಕ್ಕೆ ಒರಗಿತು. ವಳಸಂಗ ಬರುವವರೆಗೂ ಅವನು ಆ ಕಡೆ ತಿರುಗಲಿಲ್ಲ.

ಅಭ್ಯಾಸಿಕೆಯಲ್ಲಿ ಕಾಶಪ್ಪ ಆಗಲೇ ಹಾಜರಿದ್ದರು. ಅವರ ಜೊತೆ ಓಣಿಯ ಕಮಳಾಬಾಯಿ. ಊರಲ್ಲಿ ಯಾರ ಮನೆಯಲ್ಲಿ ಹಾಲು ಒಡೆದರೂ ಅದರ ಕಾರಣ ಹುಡುಕಿಕೊಡುವುದು ಕಮಳಾಬಾಯಿಯ ಕೆಲಸ. ಸಾರಿಕಾ ಪುಸ್ತಕ ಹಿಡಿದು ಕಿಟಕಿಯ ಬಳಿ ಕೂತಿದ್ದಳು. ಸಂಜೆ ಉದ್ಘಾಟನೆಯಾಗುವ ಖೋಲಿಯಲ್ಲಿ ಬೆಳಿಗ್ಗೆಯಿಂದಲೇ ಓದುವ ಏಕೈಕ ಅಭ್ಯರ್ಥಿ ಅವಳು.

ಸುಮೇಧ ತಂತಿ ಜೋಡಿಸಿ ಗುಂಡಿ ಒತ್ತಿದ. ಒಳಗೆ ಟಕ್ ಅಂದಿತು. ಟಕ್ ಟಕ್. ಪರದೆ ಬೆಳಗಿ ಶಾರದಾಬಾಯಿಯ ಫೋಟೋ ಮೂಡಿತು. ಚಷ್ಮಾದ ಮೇಲಿನಿಂದ ನೋಡುವ ಆ ಕಣ್ಣು. ಕೆಳಗೆ ಪಾಸ್‌ವರ್ಡು ಬರೆಯಲು ಖಾಲಿ ಜಾಗ.

ಕಮಳಾಬಾಯಿ ತಟ್ಟನೆ ಸೆರಗು ಸರಿಮಾಡಿಕೊಂಡಳು. ಕಾಶಪ್ಪ ಕಾಲು ಮೇಲೆ ಕಾಲು ಹಾಕಿದ್ದವರು ಇಳಿಸಿದರು.

“ಮಾಫ್ ಮಾಡ್ರಿ ಬಾಯಿ,” ಎಂದು ಸುಮೇಧ ಬಾಯಲ್ಲೇ ಅಂದು ಪೆನ್‌ಡ್ರೈವು ಚುಚ್ಚಿ ಮತ್ತೆ ಚಾಲೂ ಮಾಡಿದ. ಲಿನಕ್ಸಿನ ಬಣ್ಣದ ಪರದೆ ಬಂತು. ಊರು, ಭಾಷೆ, ಹೆಸರು ಎಲ್ಲ ಕೇಳಿತು. ಎಲ್ಲದಕ್ಕೂ ಅವನು ಧೀರನಾಗಿ ಉತ್ತರಿಸಿದ. ಕೊನೆಗೆ ಅದು ಹೇಳಿತು: ಈ ಯಂತ್ರದಲ್ಲಿ ಯಾವ ಡಿಸ್ಕೂ ಇಲ್ಲ.

“ಏನಂತದು?” ಕಾಶಪ್ಪ ಕೇಳಿದರು.

“ಡಿಸ್ಕ್ ಇಲ್ಲ ಅಂತೈತಿ.”

ಟಕ್ ಟಕ್ ಟಕ್, ಎಂದಿತು ಡಬ್ಬಿ.

ಎಲ್ಲರೂ ಡಬ್ಬಿಯನ್ನು ನೋಡಿದರು. ಸುಮೇಧ ಮತ್ತೊಮ್ಮೆ ಮೊದಲಿನಿಂದ ಶುರು ಮಾಡಿದ. ಮತ್ತೆ ಅದೇ ಮಾತು. ಪೆನ್‌ಡ್ರೈವು ತೆಗೆದರೆ ಚಷ್ಮಾದ ಮೇಲಿನಿಂದ ಬಾಯಿ ನೋಡುತ್ತಾರೆ. ಹಾಕಿದರೆ ಯಾರೂ ಇಲ್ಲ. ತೆಗೆದರೆ ಇದ್ದಾರೆ. ಹಾಕಿದರೆ ಇಲ್ಲ.

“ಇದ್ದೂ ಇಲ್ಲದಂಗ ಇರೂದಕ್ಕ ಏನಂತಾರ ನಿನಗ ಗೊತ್ತೈತಿ,” ಎಂದಳು ಕಮಳಾಬಾಯಿ.

“ಕಮಳಾಕಾಕಿ, ನಾವು ಬೌದ್ಧರು. ಭೂತಾ ಗೀತಾ ನಂಬಂಗಿಲ್ಲ.”

“ನಂಬಂಗಿಲ್ಲಪಾ. ನಾ ಎಲ್ಲಿ ನಂಬತೀನಿ? ನಂಬದನ ಅಂಜಾಕತ್ತೀನಿ.”

“ಇದು ಕಂಟ್ರೋಲರಿನ ಕಾರಭಾರ,” ಎಂದ ಸುಮೇಧ ಬೆವರು ಒರೆಸಿಕೊಳ್ಳುತ್ತ. “ಡಿಸ್ಕ್ ಒಳಗ ಐತಿ. ಆದ್ರ ಡಿಸ್ಕಿಗೂ ಸಿಸ್ಟಮ್‌ಗೂ ನಡುವ ಒಂದು ಕಂಟ್ರೋಲರ್ ಇರತೈತಿ. ಅದು ಲಿನಕ್ಸಿಗಿ ಗುರ್ತ ಸಿಗವಲ್ದು. ಅದು ತೋರಿಸಿದ್ರ ಡಿಸ್ಕ್ ಕಾಣತೈತಿ, ಇಲ್ಲಂದ್ರ ಇಲ್ಲ.”

ಕಾಶಪ್ಪನ ಮುಖ ಅರಳಿತು. ಬೆಳಿಗ್ಗೆಯಿಂದ ಮೊದಲ ಸಲ ಅವರಿಗೆ ಏನೋ ಅರ್ಥವಾಗಿತ್ತು.

“ಹಂಗ ಹೇಳ! ನಮ್ಮ ಸ್ಟ್ಯಾಂಡಿನ್ಯಾಗೂ ಕಂಟ್ರೋಲರ್ ಇದ್ದ. ಗಾಡಿ ಡೆಪೋದಾಗ ನಿಂತಿರತಿತ್ತು, ಡ್ರೈವರ್ ಕುಂತಿರತಿದ್ದ, ನಾ ನಿಂತಿರತಿದ್ದೆ. ಮಂದಿ ಹೋಗಿ ಕೇಳಿದ್ರ ‘ಗಾಡಿ ಇಲ್ಲ’ ಅಂತಿದ್ದ. ಅವಗ ಮನಸ್ಸಿಗಿ ಬಂದ್ರ ಇತ್ತು, ಇಲ್ಲಂದ್ರ ಇಲ್ಲ.”

“ಆಗ ನೀವೇನ್ ಮಾಡತಿದ್ರಿ?”

“ಏನ್ ಮಾಡೂದು? ಅವನ ಮೀರಿ ಯಾರೂ ಹೋಗಂಗಿಲ್ಲ. ಕಂಟ್ರೋಲರ್ ಅಂದ್ರ ಕಂಟ್ರೋಲರ್.”

ಆದರೆ ಸುಮೇಧ ಮೀರಿ ಹೋಗಲು ನಿಶ್ಚಯಿಸಿದ. ತಿರುಪು ಬಿಚ್ಚಿ ಡಬ್ಬಿಯ ಪಕ್ಕೆ ತೆಗೆದ. ಒಳಗಿನಿಂದ ಸುಣ್ಣದಂಥ, ಸಾಲೆಯಂಥ ವಾಸನೆ ಬಂತು. ಇಣುಕಿ ನೋಡಿದರೆ ಮದರ್‌ಬೋರ್ಡು ಎಂಬ ಮುಖ್ಯ ಹಲಗೆಯ ಮೇಲೆ ಬೇರೆಯೇ ಒಂದು ಕಾರ್ಡು ಚುಚ್ಚಿತ್ತು. ಅದರಿಂದ ಎರಡು ತಂತಿ ಹೊರಟು ಎರಡು ಡಿಸ್ಕಿಗೆ ಹೋಗಿದ್ದವು. ಎರಡೂ ಒಂದೇ ಕಂಪನಿ, ಒಂದೇ ಅಳತೆ. ಒಂದರ ಮೇಲೊಂದು, ಅವಳಿ ಮಕ್ಕಳನ್ನು ಮಲಗಿಸಿದ ಹಾಗೆ. ಒಬ್ಬ ಮಾಸ್ತರಿಣಿಗೆ ಎರಡು ಡಿಸ್ಕು ಯಾಕೆ ಬೇಕಾದವೋ ಎಂದು ಯೋಚಿಸುವಷ್ಟು ಪುರಸೊತ್ತು ಅವನಿಗಿರಲಿಲ್ಲ.

“ಈ ಕಾರ್ಡ ಕಂಟ್ರೋಲರ್, ಇದ ಕಳ್ಳ!” ಎಂದು ಕೂಗಿದ. ಮೇಲಿನ ಡಿಸ್ಕಿನ ತಂತಿಯನ್ನು ಕಾರ್ಡಿನಿಂದ ಕಿತ್ತು ನೇರ ಮುಖ್ಯ ಹಲಗೆಗೆ ಚುಚ್ಚಿದ. ಕೆಳಗಿನದನ್ನು ಹಾಗೇ ಬಿಟ್ಟ. ಇದು ನಡೆದರೆ ನಾಳೆ ಅದನ್ನೂ ಅಳಿಸಿ ಜಾಗ ದುಪ್ಪಟ್ಟು ಮಾಡಿದರಾಯಿತು ಎಂದುಕೊಂಡ.

ಈ ಸಲ ಡಿಸ್ಕು ಕಂಡಿತು. ‘ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ?’ ಎಂದು ಪರದೆ ಕೇಳಿತು.

“ಒಳಗ ಏನೈತಿ ನೋಡಬೇಕಿತ್ತು ಅನಸತೈತಿ,” ಎಂದಳು ಸಾರಿಕಾ, ಪುಸ್ತಕದಿಂದ ತಲೆಯೆತ್ತಿ.

“ಏನಿರತೈತಿ? ಮೊಮ್ಮಕ್ಕಳ ಫೋಟೋ, ದೇವರ ಹಾಡು,” ಎಂದು ಸುಮೇಧ ಒತ್ತಿಯೇಬಿಟ್ಟ.

ಪರದೆಯ ಮೇಲೆ ಪಟ್ಟಿ ಮೆಲ್ಲಗೆ ಉದ್ದವಾಗತೊಡಗಿತು. ಡಬ್ಬಿಯೊಳಗಿನ ಟಕ್ ಟಕ್ ಜೋರಾಯಿತು, ಇನ್ನೂ ಜೋರಾಯಿತು, ಘಂಟೆ ಬಾರಿಸುವ ಮೊದಲು ಯಾರೋ ಲೆಕ್ಕ ಮುಗಿಸಲು ಒದ್ದಾಡುವ ಹಾಗೆ. ಆಮೇಲೆ ಒಮ್ಮೆಲೇ ನಿಂತಿತು. ಹಲಗೆಯ ಮೇಲೆ ಬರೆಯುವವರು ಬರೆಯುವುದು ಬಿಟ್ಟು ಗಕ್ಕನೆ ಹಿಂದಿರುಗಿ ನೋಡಿದಾಗ ತರಗತಿ ಸುಮ್ಮನಾಗುತ್ತದಲ್ಲ, ಅಂಥ ಮೌನ. ಕಮಳಾಬಾಯಿ ಸಾರಿಕಾಳ ಕೈ ಹಿಡಿದುಕೊಂಡಳು.

ಅಷ್ಟರಲ್ಲಿ ಪರದೆ ಹೇಳಿತು: ಕೆಲಸ ಮುಗಿಯಿತು. ಹಸಿರು ಬೆಟ್ಟ, ನೀಲಿ ಆಕಾಶದ ಚಿತ್ರ ಬಂತು. ಬಾಯಿಯ ಕಣ್ಣು ಇಲ್ಲ, ಪಾಸ್‌ವರ್ಡಿಲ್ಲ.

“ಮಸ್ತ!” ಎಂದರು ಕಾಶಪ್ಪ. “ಹೋಗು, ಜಳಕಾ ಮಾಡಿ ಹೊಸ ಅಂಗಿ ಹಾಕ್ಕೊಂಡ ಬಾ. ನಾ ಕಾಯ್ತೀನಿ ಇಲ್ಲಿ.”

ಸುಮೇಧ ಸಾರಿಕಾಳತ್ತ ನೋಡಿದ. ಅವಳ ತುಟಿಯ ಒಂದು ಬದಿ ತುಸು ಮೇಲೆ ಹೋಗಿತ್ತು. ಮದುವೆಯಾದಾಗಿನಿಂದ ಅದನ್ನು ನೋಡಲು ಕಾದಿದ್ದವನು ಓಣಿಯುದ್ದಕ್ಕೂ ಸೀಟಿ ಹಾಕುತ್ತ ಮನೆಗೆ ಹೋದ.

ಜಳಕ ಮಾಡುತ್ತಿದ್ದಾಗ ಬಿಸಿಗಾಳಿ ಎದ್ದಿತು. ಓಣಿಯ ಕಸ, ಒಣಗಿದ ಜೋಳದ ರವದಿ ಸುಂಟರಗಾಳಿಗೆ ಸಿಕ್ಕು ಮೇಲೇರಿದವು. ಆಕಾಶ ಮಣ್ಣಿನ ಬಣ್ಣಕ್ಕೆ ತಿರುಗಿತು. ಕರೆಂಟು ಹೋಯಿತು, ಬಂತು, ಮತ್ತೆ ಹೋಗಿ ಮತ್ತೆ ಬಂತು. ಸುಮೇಧ ಇಸ್ತ್ರಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ವಿಹಾರಕ್ಕೆ ಬಂದಾಗ ಕಾಶಪ್ಪ, ಕಮಳಾಬಾಯಿ ಇಬ್ಬರೂ ಅಂಗಳದ ಧೂಳಿನಲ್ಲಿ ನಿಂತಿದ್ದರು. ಖೋಲಿಯ ಬಾಗಿಲು ಗಾಳಿಗೆ ತಾನೇ ತೆರೆದು ತಾನೇ ಮುಚ್ಚುತ್ತಿತ್ತು.

“ಯಾಕ್ರಿ ಹೊರಗ ನಿಂತೀರಿ?”

ಕಾಶಪ್ಪ ಬರೇ ಒಳಗೆ ಕೈ ತೋರಿಸಿದರು.

ಸುಮೇಧ ಒಳಗೆ ಇಣುಕಿದ. ಖೋಲಿಯಲ್ಲಿ ದೀಪ ಹಚ್ಚಿರಲಿಲ್ಲ. ಪರದೆ ಮಾತ್ರ ಬೆಳಗುತ್ತಿತ್ತು. ಅದರಲ್ಲಿ ಶಾರದಾಬಾಯಿ ಚಷ್ಮಾದ ಮೇಲಿನಿಂದ ನೇರ ಅವನನ್ನೇ ನೋಡುತ್ತಿದ್ದರು.

ಟಕ್ ಟಕ್.

ಅಳಿಸಿದವನು ತಾನು, ತನ್ನ ಕೈಯಿಂದಲೇ. ಹಸಿರು ಬೆಟ್ಟ ಬಂದದ್ದನ್ನು ಎಲ್ಲರೂ ನೋಡಿದ್ದಾರೆ. ಅಳಿಸಿದ ಡಿಸ್ಕಿನಲ್ಲಿ ಅಳಿಸಿಹೋದವರು ಹೇಗೆ ಬರುತ್ತಾರೆ? ನಂಬದೆಯೂ ಅಂಜುವುದು ಹೇಗೆಂದು ಅವನಿಗೆ ಆಗ ಗೊತ್ತಾಯಿತು.

“ನಾ ಹೇಳಿದ್ದೆ,” ಎಂದಳು ಕಮಳಾಬಾಯಿ ಹಿಂದಿನಿಂದ. “ಬಾಯಿ ಯಾವತ್ತ ಸುಟಿ ತಗೊಂಡಾರ ಹೇಳು? ಜ್ವರ ಬಂದಾಗೂ ಸಾಲಿಗಿ ಬರತಿದ್ರು.”

ಮನೆಗೆ ಹೋಗಿ ಅವನ ಹಿಂದೆಯೇ ಮರಳಿದ್ದ ಸಾರಿಕಾ ಮಾತ್ರ ಖೋಲಿಯೊಳಗೆ ಹೋಗಿ ಡಬ್ಬಿಯ ಮುಂದೆ ಕೂತಳು. ಅವಳು ಚಪಳಗಾಂವದವಳು, ಶಾರದಾಬಾಯಿಯ ಕೈಯಲ್ಲಿ ಒಂದೇಟೂ ತಿಂದವಳಲ್ಲ. “ಮಧ್ಯಾಹ್ನ ಈ ವಾಯರ್ ಇಲ್ಲಿತ್ತು,” ಎಂದು ಬೆರಳು ಮಾಡಿದಳು. “ಈಗ ಮೊದಲಿನಂಗ ಕಾರ್ಡಿಗಿ ಹತ್ತೈತಿ. ಯಾರ ಹಚ್ಚಿದ್ರು?”

ಕಾಶಪ್ಪ ಕೆಮ್ಮಿದರು. “ಕಾರ್ಡಿನ ಒಂದು ಬಾಯಿ ಖಾಲಿ ಇತ್ತವಾ. ನೋಡಾಕ ಛಲೋ ಕಾಣಸಲಿಲ್ಲ. ಉದ್ಘಾಟನಕ್ಕ ಪಾಹುಣ್ಯಾರು ಬರೂವರು. ಮೊದಲ ಹೆಂಗಿತ್ತೋ ಹಂಗ ಹಚ್ಚಿದೆ. ತೀಸ್ ವರ್ಷ ಗಾಡಿಯಾಗ ಸೇವಾ ಮಾಡೀನಿ, ಏನರ ಬಿಚ್ಚಿದ್ದು ಕಂಡ್ರ ನನ್ನ ಕೈ ಸುಮ್ಮನಿರಂಗಿಲ್ಲ.”

“ಆದ್ರೂ ಅಳಿಸಿದ್ದು ತಿರುಗಿ ಹ್ಯಾಂಗ ಬಂತು?” ಎಂದ ಸುಮೇಧ. ಪ್ರಾಜಕ್ತಾಳಿಗೆ ಫೋನು ಹಚ್ಚಿದ.

“ನಮ್ಮ ಮನಿಗಿ ತಿರುಗಿ ತರಬ್ಯಾಡ್ರಿ!” ಎಂಬುದೇ ಅವಳ ಮೊದಲ ಮಾತು.

“ತರಂಗಿಲ್ರಿ. ಬಾಯಿ ಎರಡ ಡಿಸ್ಕ್ ಯಾಕ ಹಾಕಿಸಿದ್ರು, ನಿಮಗೇನರ ಗೊತ್ತೈತೇನು?”

“ಅಯ್ಯ, ಅದಕ್ಕ ಸೋಲಾಪುರದ ಅಂಗಡಿಯಂವನ ಜೋಡಿ ಜಗಳಾನ ತಗದಿದ್ರು. ಸಾಲ್ಯಾಗ ಮಕ್ಕಳಿಗಿ ಎರಡೆರಡ ಸಲ ಬರಸತಿದ್ರಲ್ಲ, ಒಂದು ಕಚ್ಚಾ, ಒಂದು ಪಕ್ಕಾ? ಹಂಗ ಇದೂ ಎರಡ ಕಡೆ ಬರೀಬೇಕು ಅಂದ್ರು. ಒಂದರಾಗ ಬರದ್ದು ಇನ್ನೊಂದರಾಗೂ ತಾನ ಬರತೈತಂತ. ಒಂದು ಅಳಿಸಿದ್ರ ಇನ್ನೊಂದ ನೋಡಿ ಮತ್ತ ಬರಕೋತೈತಂತ.”

ಸುಮೇಧ ಉಸಿರು ಬಿಟ್ಟ. ಮೇಲಿನ ಡಿಸ್ಕು ಅಳಿದರೇನು, ಕೆಳಗಿನದರಲ್ಲಿ ಬಾಯಿ ಇಡಿಯಾಗಿ ಇದ್ದರು. ಕಾಶಪ್ಪ ತಂತಿ ಹಚ್ಚಿ, ಕರೆಂಟು ಹೋಗಿ ಬಂದು ಡಬ್ಬಿ ತಾನೇ ಚಾಲೂ ಆದದ್ದೇ ತಡ, ಕಾರ್ಡು ಅವಳಿಯನ್ನು ನೋಡಿ ನೋಡಿ ಅಳಿಸಿದ್ದನ್ನೆಲ್ಲ ಮರಳಿ ಬರೆಯುತ್ತಿತ್ತು. ಟಕ್ ಟಕ್ ಎಂದರೆ ಅದೇ. ಅವನ ಹಸಿರು ಬೆಟ್ಟದ ಮೇಲೆ ಬಾಯಿ ಸಾಲು ಸಾಲಾಗಿ ಬರೆದು ಬರುತ್ತಿದ್ದರು.

“ಮತ್ತ ಏನೈತ್ರಿ ಅದರಾಗ?” ಎಂದು ಕೇಳಿದ.

ಪ್ರಾಜಕ್ತಾ ದನಿ ತಗ್ಗಿಸಿದಳು. “ಗೊತ್ತಿಲ್ರಿ. ಬಾಗಿಲ ಹಾಕ್ಕೊಂಡು ಒಬ್ಬರ ಮಾತಾಡತಿದ್ರು. ಕುರ್ಚಿ ಮುಂದ ನಿಂತು. ನಾವು ಕೇಳಿದ್ರ ‘ಕ್ಲಾಸ್ ನಡದೈತಿ’ ಅಂತಿದ್ರು.”

ಫೋನಿಟ್ಟ ಮೇಲೆ ಸುಮೇಧ ಹಸಿರು ಬೆಟ್ಟದ ಮಾತು ಬಿಟ್ಟ. ಇದೇ ಕಾರ್ಡಿನ ಕೈಯಲ್ಲಿ ನರಳಿದವನೊಬ್ಬ ಯಾವ ದೇಶದಲ್ಲೋ ಕೂತು ಅಂತರ್ಜಾಲದಲ್ಲಿ ಬರೆದದ್ದು ಮೊಬೈಲಿನಲ್ಲಿ ಸಿಕ್ಕಿತು. ಈ ಕಂಟ್ರೋಲರನ್ನು ನಡೆಸುವ ‘ಡ್ರೈವರ್’ ಪ್ರೋಗ್ರಾಮು ಲಿನಕ್ಸಿನ ಒಳಗೇ ಇದೆ, ಆದರೆ ಹೆಸರು ಹಿಡಿದು ಕರೆಯದೆ ಅದು ಏಳುವುದಿಲ್ಲ ಎಂದಿದ್ದ. ಸುಮೇಧ ಪೆನ್‌ಡ್ರೈವಿನಿಂದ ಚಾಲೂ ಮಾಡಿ, ಕರಿ ಪರದೆ ತೆರೆದು, ಆ ಹೆಸರು ಬಡಿದು ಒತ್ತಿದ.

ಟಕ್.

ಬೆಳಿಗ್ಗೆಯಿಂದ ‘ಇಲ್ಲ’ ಎನ್ನುತ್ತಿದ್ದ ಪರದೆಯಲ್ಲಿ ಡಿಸ್ಕು ಮೂಡಿತು. ಪಾಸ್‌ವರ್ಡೂ ಕೇಳಲಿಲ್ಲ. ತೆರೆದರೆ ಒಳಗೆ ಫೋಟೋ ಇರಲಿಲ್ಲ, ಹಾಡಿರಲಿಲ್ಲ. ಬರೇ ಧ್ವನಿ. ಗಣಿತ, ಇತಿಹಾಸ, ವ್ಯಾಕರಣ ಎಂದು ಹೆಸರಿಟ್ಟ ಪಾಠಗಳು. ಸುಮೇಧ ಮೊದಲನೆಯದನ್ನು ಒತ್ತಿದ.

“ಮಕ್ಕಳೇ, ಸಪ್ಪಳ ಬ್ಯಾಡ. ಕುಂದ್ರಿ,” ಎಂದಿತು ಶಾರದಾಬಾಯಿಯ ದನಿ.

ಕಾಶಪ್ಪ ನಿಂತಲ್ಲೇ ನೆಲಕ್ಕೆ ಕೂತರು. ಕಮಳಾಬಾಯಿ ಹೊಸ್ತಿಲ ಮೇಲೆ ಕೂತಳು. ಸುಮೇಧ ಪಾಠ ನಿಲ್ಲಿಸಿಬಿಟ್ಟ. ಕೇಳುವವರಿಲ್ಲದೆ ಮುದುಕಿಯೊಬ್ಬಳು ಖಾಲಿ ಕುರ್ಚಿಗಳಿಗೆ ಹೇಳಿದ್ದನ್ನೆಲ್ಲ ತಾನು ಶೇಂಗಾ ತಿನ್ನುತ್ತ ಅಳಿಸಲು ಹೊರಟಿದ್ದ. ನಾಳೆ ಎರಡನೆಯ ಡಿಸ್ಕನ್ನೂ ಅಳಿಸಿದ್ದರೆ?

“ನಾ ಅಂದಿದ್ದೆ, ಒಳಗ ನೋಡಬೇಕಿತ್ತಂತ,” ಎಂದಳು ಸಾರಿಕಾ. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಅದೇ ಅವನಿಗೆ ಹೆಚ್ಚು ಹತ್ತಿತು.

ಕಮಳಾಬಾಯಿ ಹೊಸ್ತಿಲಿನಿಂದ ಎದ್ದವಳೇ ಊರಿಗೆ ಸುದ್ದಿ ಮುಟ್ಟಿಸಿದಳು. ಸುಮೇಧ ಶಾರದಾಬಾಯಿಯನ್ನು ಅಳಿಸಿದನಂತೆ, ಬಾಯಿ ಕಂಟ್ರೋಲರನ್ನು ಕರಕೊಂಡು ತಿರುಗಿ ಬಂದರಂತೆ ಎಂಬಲ್ಲಿಂದ ಶುರುವಾದದ್ದು ಸಂಜೆಯ ಹೊತ್ತಿಗೆ ಎಲ್ಲಿಗೆ ಹೋಗಿತ್ತೆಂದರೆ, ಉದ್ಘಾಟನೆಗೆ ಕರೆಯದವರೂ ಬಂದರು. ಖೋಲಿ ತುಂಬಿ ಅಂಗಳ ತುಂಬಿತು. ಬಹುತೇಕ ಎಲ್ಲರೂ ಬಾಯಿಯ ಹಳೆಯ ವಿದ್ಯಾರ್ಥಿಗಳು. ಮೀಸೆ ನರೆತ ಅಪ್ಪು ಬಂದಿದ್ದ. ಸೊಂಟ ಹಿಡಿದ ಪಾರ್ವತಿಬಾಯಿ ಸೋಲಾಪುರದ ಬಸ್ಸು ಬಿಟ್ಟು ಉಳಿದಿದ್ದಳು.

ಪಾಹುಣೆಯವರು, ಅಂದರೆ ಮುಖ್ಯ ಅತಿಥಿಗಳು, ಫೀತು ಕತ್ತರಿಸಿದರು. ಕಾಶಪ್ಪ ಭಾಷಣ ಮಾಡಿದರು. ಶಾಲು ತಟ್ಟೆಯಲ್ಲಿ ಮಡಿಸಿ ಕೂತಿತ್ತು. ಸುಮೇಧ ಎದ್ದು, “ಬಾಯಿ ನಮಗಂತ ಪಾಠ ಬಿಟ್ಟ ಹೋಗ್ಯಾರ. ಇನ್ನ ದಿನಾ ನಮ್ಮ ಅಭ್ಯಾಸಿಕ್ಯಾಗ ಕೇಳಬಹುದು,” ಎಂದು ದೊಡ್ಡ ಸ್ಪೀಕರು ಹಚ್ಚಿ ಪಾಠ ಒತ್ತಿದ. ಹೊರಗೆ ಧೂಳಿನ ಆಕಾಶದಲ್ಲಿ ಸೂರ್ಯ ತಾಮ್ರದ ತಟ್ಟೆಯ ಹಾಗೆ ಇಳಿಯುತ್ತಿತ್ತು.

“ಮಕ್ಕಳೇ, ಸಪ್ಪಳ ಬ್ಯಾಡ. ಕುಂದ್ರಿ.” ಅಂಗಳವೆಲ್ಲ ಕೂತಿತು. “ಹಾಜರಿ ತಗೋತೀನಿ. ಕಮಳಾ.”

ಸ್ಪೀಕರಿನಲ್ಲಿ ಬರೇ ಖಾಲಿ ಕೋಣೆಯ ಸದ್ದು. ಬಾಯಿ ಕಾಯುತ್ತಿದ್ದರು.

“ಹಾಜರ್ ರೀ, ಬಾಯಿ,” ಎಂದಳು ಕಮಳಾಬಾಯಿ, ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳು, ಹುಡುಗಿಯ ದನಿಯಲ್ಲಿ.

“ಹೂಂ,” ಎಂದರು ಬಾಯಿ. “ಅಪ್ಪು.”

“ಹಾಜರ್ ರೀ.”

“ಹೂಂ. ಪಾರ್ವತಿ.”

“ಹಾಜರ್ ರೀ, ಬಾಯಿ.”

“ಹೂಂ. ಬಸಯ್ಯ.”

ಬಸಯ್ಯ ಹೋದ ವರ್ಷ ತೀರಿಕೊಂಡಿದ್ದ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಉತ್ತರ ಕೊಡಲಿಲ್ಲ. ಗಾಳಿಗೆ ಬಾಗಿಲು ಕಿರ್ ಎಂದು ತುಸು ತೆರೆಯಿತು.

“ಹೂಂ,” ಎಂದರು ಬಾಯಿ, ಉತ್ತರ ಕೇಳಿದವರ ಹಾಗೆ. “ಸುಮೇಧ.”

ಸುಮೇಧ ಶಾಲಿನ ಪಕ್ಕದಲ್ಲೇ ಎದ್ದು ನಿಂತು, “ಹಾಜರ್ ರೀ, ಬಾಯಿ,” ಎಂದ.

‘ಹೂಂ’ ಬರಲಿಲ್ಲ. ಆಮೇಲೆ ಆ ದನಿ ಒಂದೊಂದೇ ಅಕ್ಷರ ಬಿಡಿಸಿ ಕೇಳಿತು:

“ಯಾರ ಕೇಳಿ ಅಳಿಸಿದಿ?”

ಇಡೀ ವಳಸಂಗ ಸುಮೇಧನ ಕಡೆ ತಿರುಗಿತು.

“ನಾ ಹೇಳೂ ಮೊದಲ ಅಳಸಬ್ಯಾಡ ಅಂತ ಎಷ್ಟ ಸಲ ಹೇಳೀನಿ? ನಿನಗ ಬ್ಯಾಡಾದ್ರ ಉಳದವರಿಗಿ ಬ್ಯಾಡೇನು? ನಿಂದ್ರು. ನಾ ಕುಂದ್ರು ಅನ್ನೂತನಕ ನಿಂತ ಇರು.”

“ಅದು ಕರಿ ಹಲಗಿ!” ಎಂದು ಸುಮೇಧ ಕೂಗಿದ. “ಆರನೇ ಇಯತ್ತಾದಾಗ ಹಲಗಿ ಒರಸೂ ಪಾಳಿ ನಂದಿತ್ತು! ಬಾಯಿ ಹಳೇ ಕ್ಲಾಸ್ ಎಲ್ಲಾ ಕೂಡಿಸಿ ನೆನಿಸಿ ಮಾತಾಡ್ಯಾರ! ಇದು ರೆಕಾರ್ಡ್ ಐತಿ, ಎಷ್ಟೋ ವರ್ಷದ ಹಿಂದಿಂದು...”

“ಬಾಯಿ ಮಾತಾಡಾಕತ್ತಾಗ ನಡುವ ಮಾತಾಡಬ್ಯಾಡ,” ಎಂದ ಅಪ್ಪು.

“ಇವತ್ತ ಅಳಿಸಿದಂವ ಯಾರು? ನೀನೋ ಅಲ್ಲೋ?” ಎಂದಳು ಕಮಳಾಬಾಯಿ.

ಪಾಹುಣೆಯವರು ಕಾಶಪ್ಪನ ಕಿವಿಯಲ್ಲಿ ಏನೋ ಕೇಳಿದರು. ಕಾಶಪ್ಪ ನಾಚುತ್ತ, ತಂತಿ ತಿರುಗಿ ಹಚ್ಚಿದವನು ತಾನೇ ಎಂದು ಒಪ್ಪಿಕೊಂಡರು. ಚಪ್ಪಾಳೆಯ ನಡುವೆ ಶಾಲು ಸುಮೇಧನ ಪಕ್ಕದಿಂದ ಎದ್ದು ಹೋಗಿ ಕಾಶಪ್ಪನ ಹೆಗಲ ಮೇಲೆ ಕೂತಿತು. ಸ್ಪೀಕರಿನಲ್ಲಿ ಬಾಯಿ ತ್ರೈರಾಶಿಯ ಲೆಕ್ಕ ಶುರು ಮಾಡಿದ್ದರು. ಎಷ್ಟು ಚೆನ್ನಾಗಿ ಹೇಳುತ್ತಿದ್ದರೆಂದರೆ, ಮಕ್ಕಳು ಮೊಬೈಲು ಕೆಳಗಿಟ್ಟರು. ಸಾರಿಕಾ ಅರೆಕ್ಷಣವೂ ತಲೆಯೆತ್ತದೆ ಬರೆದುಕೊಂಡಳು. ಸುಮೇಧ ಎಲ್ಲರ ಮುಂದೆ, ಇಸ್ತ್ರಿ ಅಂಗಿಯಲ್ಲಿ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದ.

ಕೊನೆಗೂ ಪಾಠ ಮುಗಿಯಿತು. ಸ್ಪೀಕರು ಸುಮ್ಮನಾಯಿತು. ಸುಮೇಧ ಮೆಲ್ಲಗೆ ಮೊಣಕಾಲು ಮಡಿಸಿದ.

“ಏಯ್!” ಎಂದರು ಕಾಶಪ್ಪ ಶಾಲಿನೊಳಗಿಂದ. “ಬಾಯಿ ಕುಂದ್ರು ಅಂದಾರೇನು?”

“ಪಾಠ ಮುಗೀತಲ್ರಿ!”

“ಒಂದನೇದು ಮುಗೀತು. ಸಾರಿಕಾ, ಒಳಗ ಇನ್ನ ಎಷ್ಟ ಅದಾವ ನೋಡವಾ.”

ಸಾರಿಕಾ ಪರದೆ ಮೇಲೆ ಸರಿಸಿದಳು. ಪಾಠಗಳ ಹೆಸರು ಕೆಳಗಿನಿಂದ ಏಳುತ್ತ ಬಂದವು. ಅವಳು ಸರಿಸುತ್ತಲೇ ಇದ್ದಳು, ಅವು ಏಳುತ್ತಲೇ ಇದ್ದವು. ಬೆರಳು ದಣಿದು ನಿಲ್ಲಿಸಿದಳು. ಗಂಡನ ಕಡೆ ನೋಡಿದಳು. ಅವಳ ತುಟಿಯ ಎರಡೂ ಬದಿ ಮೇಲೆ ಹೋಗಿದ್ದವು. ಎರಡನೆಯ ಪಾಠ ಒತ್ತಿದಳು.

ಟಕ್. ಖಾಲಿ ಕೋಣೆಯ ಸದ್ದು. ಆಮೇಲೆ ಆ ದನಿ.

“ಸಪ್ಪಳ ಬ್ಯಾಡ ಮಕ್ಕಳೇ. ಸುಮೇಧ ಇನ್ನೂ ನಿಂತಾನಿಲ್ಲೋ?”

“ನಿಂತಾನ್ರೀ, ಬಾಯಿ!” ಎಂದಿತು ಇಡೀ ಅಂಗಳ ಒಂದೇ ದನಿಯಲ್ಲಿ.

ಬಾಯಿ ತುಸು ಹೊತ್ತು ಕಾದರು. ಕೇಳಿಸಿತು ಎಂಬಂತೆ ಹೇಳಿದರು:

“ಹೂಂ.”